ಸ್ಪೇನ್ ಮೇಷ್ಟ್ರು ಗಂಗಹನುಮಯ್ಯ

ಹಾರೋಹಳ್ಳಿಯಿಂದ ಮೂರು ಕಿಲೋಮೀಟರು ಒಳಗಿದ್ದ ನಮ್ಮ ಹೈಸ್ಕೂಲಿಗೆ ನಾನು ಕನ್ನಡ ಮೇಷ್ಟ್ರಾಗಿ ಸೇರಿದ್ದು 1991ರ ಜೂನ್ ತಿಂಗಳಲ್ಲಿ. ಸೇರಿದ ದಿನ ಜವಾನ ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಡುತ್ತ ಬಂದು, ಕಿಟಕಿಯ ಪಕ್ಕ ತಲೆ ಬಗ್ಗಿಸಿ ಬರೆಯುತ್ತ ಕೂತಿದ್ದ ತೆಳ್ಳಗಿನವರೊಬ್ಬರನ್ನು ತೋರಿಸಿ, "ಇವ್ರು ಸ್ಪೇನ್ ಮೇಷ್ಟ್ರು" ಎಂದ. ಅವರು ತಲೆಯೆತ್ತಿ ನಕ್ಕರು. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ನಾನು ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದವನು. ಹೊಲ, ದನ, ಸಂತೆ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನೆಯಿಂದ ಬಂದವನು. ಇವರು ನಿಜವಾಗಿಯೂ ಸ್ಪೇನಿಗೆ ಹೋಗಿ ಬಂದಿರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಗಂಗಹನುಮಯ್ಯನವರು ನೋಡಿದ್ದ ಅತಿ ದೂರದ ಊರು ಹಂಪಿ. ಅದೂ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ.

ಅವರು ಚರಿತ್ರೆ ಮೇಷ್ಟ್ರು. ಏಳುನೂರು ವರ್ಷಗಳ ಹಿಂದೆ ಸ್ಪೇನಿನಲ್ಲಿ ಕ್ಯಾಸ್ಟೈಲ್ ಎಂಬ ರಾಜ್ಯವಿತ್ತು. ಅದನ್ನು ಆಳಿದ ಹತ್ತನೇ ಅಲ್ಫಾನ್ಸೊ ಎಂಬ ದೊರೆಯ ಜೀವನಚರಿತ್ರೆಯನ್ನು ಅವರು ಕನ್ನಡದಲ್ಲಿ ಬರೆಯುತ್ತಿದ್ದರು. ನಾನು ಸೇರುವ ಹೊತ್ತಿಗೆ ಏಳು ವರ್ಷದಿಂದ ಬರೆಯುತ್ತಿದ್ದರು. ಊಟದ ಬಿಡುವಿನಲ್ಲಿ, ಪೀರಿಯಡ್ ಇಲ್ಲದಾಗ, ಪರೀಕ್ಷೆಗೆ ಮೇಲ್ವಿಚಾರಣೆ ಮಾಡುವಾಗ ಕೂಡ ಬರೆಯುತ್ತಿದ್ದರು. ಗೀಟು ಹಾಕಿದ ಉದ್ದನೆಯ ಹಾಳೆ, ನೀಲಿ ಶಾಯಿ, ದುಂಡು ಅಕ್ಷರ. ಮಕ್ಕಳು ಬೆನ್ನ ಹಿಂದೆ ನಗುತ್ತಿದ್ದರು. ಹೆಡ್‌ಮಾಸ್ಟರು ಎದುರಿಗೇ ನಗುತ್ತಿದ್ದರು. "ಏನ್ರೀ, ನಿಮ್ ರಾಜ ಇವತ್ತೇನಾದ್ರೂ ಎಸ್ಸೆಸ್ಸೆಲ್ಸಿ ರಿಸಲ್ಟ್ ಕೊಡ್ತಾನಾ?"

ಗಂಗಹನುಮಯ್ಯನವರದು ಕನಕಪುರದ ಹತ್ತಿರದ ಒಂದು ಊರಿನ ಕಾಲೋನಿ. ತಂದೆ ಬೇಗ ತೀರಿಕೊಂಡಿದ್ದರು. ಅಣ್ಣ ಮುನಿರಾಮಯ್ಯ ಅವರಿಗಿಂತ ಹನ್ನೆರಡು ವರ್ಷ ದೊಡ್ಡವರು, ಮೀಸೆ ಮೂಡುವ ಮೊದಲೇ ಕಲ್ಲು ಕ್ವಾರಿಗೆ ಇಳಿದವರು. ತಮ್ಮ ಗಂಗಹನುಮಯ್ಯ ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ನಾನೂ ಕ್ವಾರಿಗೆ ಬರುತ್ತೇನೆ ಎಂದು ಕಲ್ಲು ಒಡೆಯುವ ಚಾಣ ಹಿಡಿದು ಬಂಡೆಯ ಮೇಲೆ ನಿಂತನಂತೆ. ಮುನಿರಾಮಯ್ಯ ಆ ಚಾಣವನ್ನು ಕಸಿದು ಎಸೆದು, ಕಪಾಳಕ್ಕೆ ಒಂದು ಬಿಟ್ಟು, ತೋಳು ಹಿಡಿದು ಎಳೆದುಕೊಂಡು ಹೋಗಿ ಹಾಸ್ಟೆಲಿಗೆ ಸೇರಿಸಿದರು. "ಅಣ್ಣ ನನ್ನ ಹೊಡೆದದ್ದು ಅದೊಂದೇ ಸಲ ಸಾರ್" ಎಂದು ಗಂಗಹನುಮಯ್ಯ ಆ ಕೆನ್ನೆಯನ್ನು ಮುಟ್ಟಿಕೊಂಡು ಹೇಳುತ್ತಿದ್ದರು.

ಮೈಸೂರಿನಲ್ಲಿ ಎಂ.ಎ. ಓದುವಾಗ ಅವರಿಗೆ ಆ ಪುಸ್ತಕ ಸಿಕ್ಕಿತು. ದೇವರಾಜ ಮಾರ್ಕೆಟ್ಟಿನ ಹೊರಗೆ ಫುಟ್‌ಪಾತಿನ ಮೇಲೆ ಹರಡಿದ್ದ ಹಳೆಯ ಪುಸ್ತಕಗಳ ರಾಶಿಯಲ್ಲಿ ಇಂಗ್ಲಿಷಿನದು, ದಪ್ಪನೆಯದು. ರಟ್ಟು ಕಿತ್ತುಹೋಗಿ, ಬರೆದವರು ಯಾರೆಂಬುದೇ ಗೊತ್ತಾಗದ ಪುಸ್ತಕ. ಮಧ್ಯದಲ್ಲಿ ಎಲ್ಲೋ ತೆರೆದಾಗ ಕಣ್ಣಿಗೆ ಬಿದ್ದ ಸಾಲು ಇದು: ಈ ದೊರೆ ಕಾನೂನನ್ನೂ ಚರಿತ್ರೆಯನ್ನೂ ನಕ್ಷತ್ರಗಳ ಲೆಕ್ಕವನ್ನೂ ಪಂಡಿತರ ಲ್ಯಾಟಿನ್ ಭಾಷೆಯಲ್ಲಿ ಬರೆಸದೆ, ಜನ ಆಡುವ ಮಾತಿನಲ್ಲಿ ಬರೆಸಿದ.

"ನಮ್ಮಪ್ಪ ಪಟೇಲರ ಮನೆ ಹೊರಗೆ ನಿಂತು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ರು ಸಾರ್" ಎಂದು ಒಮ್ಮೆ ಹೇಳಿದರು. "ಅದ್ರಲ್ಲಿ ಏನು ಬರ್ದಿತ್ತೋ ಸಾಯೋವರೆಗೂ ಅವ್ರಿಗೆ ಗೊತ್ತಾಗ್ಲಿಲ್ಲ. ಕಾನೂನು ಜನದ ಮಾತಲ್ಲಿರಬೇಕು ಅಂತ ಎಲ್ಲೋ ಒಬ್ಬ ರಾಜ ಅಂದ್ಕೊಂಡಿದ್ದ ಅಂದ್ರೆ, ಅವನನ್ನ ನಮ್ಮವರಿಗೆ ಪರಿಚಯ ಮಾಡ್ಕೊಡೋದು ಬೇಡ್ವಾ?"

ಪ್ರತಿ ಭಾನುವಾರ ಬೆಳಿಗ್ಗೆ ಅವರು ಆ ವಾರ ಬರೆದದ್ದನ್ನು ಚೀಲದಲ್ಲಿಟ್ಟುಕೊಂಡು ಅಣ್ಣನ ಮನೆಗೆ ಹೋಗಿ ಓದಿ ಹೇಳುತ್ತಿದ್ದರು. ಮುನಿರಾಮಯ್ಯನವರಿಗೆ ಅಕ್ಷರ ಬಾರದು. ಮಕ್ಕಳಿರಲಿಲ್ಲ. ಹೆಂಡತಿ ದೊಡ್ಡಲಕ್ಷ್ಮಮ್ಮ ಮತ್ತು ಅವರು, ಇಬ್ಬರೇ. ಒಂದು ಸಲ ನನ್ನ ಲೂನಾದ ಮೇಲೆ ಗಂಗಹನುಮಯ್ಯನವರನ್ನು ಕೂರಿಸಿಕೊಂಡು ನಾನೂ ಹೋದೆ. ಇಷ್ಟು ಹೇಳುವಾಗ ಇನ್ನೊಂದನ್ನೂ ಹೇಳಬೇಕು. ದೊಡ್ಡಲಕ್ಷ್ಮಮ್ಮ ಕಾಫಿ ಲೋಟ ಮುಂದಿಟ್ಟಾಗ ನನ್ನ ಕೈ ಒಂದು ಗಳಿಗೆ ತಡೆಯಿತು. ಅದನ್ನು ಮೂವರೂ ನೋಡಿದರು. ಕುಡಿದೆ. ಮುಂದಿನ ವಾರ ನಾಚಿಕೆಯಿಂದಲೇ ಮತ್ತೆ ಹೋದೆ. ಆಮೇಲೆ ಅದು ನನಗೂ ರೂಢಿಯಾಯಿತು.

ಮುನಿರಾಮಯ್ಯನವರ ಬಾಯಲ್ಲಿ ಅಲ್ಫಾನ್ಸೊ 'ಅಲಪಣ್ಣ' ಆಗಿದ್ದ.

"ಎಲ್ಲಿಗ್ ನಿಲ್ಸಿದ್ದೆ ಗಂಗ? ಅಲಪಣ್ಣ ಚದುರಂಗ ಆಡೋದ್ ಬರ್ಸ್ತಾ ಇದ್ನಲ್ಲಾ?" ಎಂದು ಬೀಡಿಯ ತುದಿ ಒತ್ತಿ ಆರಿಸಿ, ಗೋಡೆಗೆ ಒರಗಿ ಕೂರುತ್ತಿದ್ದರು. ಟೊಲೆಡೊ ಎಂಬ ಊರಿನಲ್ಲಿ ಆ ದೊರೆ ಮುಸಲ್ಮಾನ, ಯಹೂದಿ, ಕ್ರೈಸ್ತ ಪಂಡಿತರನ್ನು ಒಟ್ಟಿಗೆ ಕೂರಿಸಿ ಅರಬ್ಬಿ ಗ್ರಂಥಗಳನ್ನು ಜನರ ಮಾತಿಗೆ ತಿರುಗಿಸಿದ್ದು ಅವರಿಗೆ ಬಹಳ ಹಿಡಿಸಿತ್ತು. "ಒಂದೇ ಜಗ್ಲಿ ಮ್ಯಾಲಾ? ಎಲ್ರೂವಾ?" ಎಂದು ಪ್ರತಿ ಸಲವೂ ಹೊಸದಾಗಿ ಕೇಳುತ್ತಿದ್ದರು. ದೊಡ್ಡಲಕ್ಷ್ಮಮ್ಮ ಒಳಗಿನಿಂದ, "ಊಟಕ್ಕೂ ಒಟ್ಗೇ ಕೂರುಸ್ತಿದ್ನಾ ಕೇಳಿ" ಎನ್ನುತ್ತಿದ್ದರು. ಗಂಗಹನುಮಯ್ಯ ಪುಸ್ತಕದಲ್ಲಿ ಅದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತಿದ್ದರು.

ಕೇಳುವವರಲ್ಲಿ ಮುನಿರಾಮಯ್ಯನವರಷ್ಟು ನಂಬಿ ಕೇಳುವವರನ್ನು ನಾನು ಆಮೇಲೂ ಕಂಡಿಲ್ಲ. ಅಲಪಣ್ಣ ಜರ್ಮನ್ ದೇಶದ ಚಕ್ರವರ್ತಿ ಆಗಬೇಕೆಂದು ಹದಿನೆಂಟು ವರ್ಷ ಹಟ ಹಿಡಿದ ಭಾಗ ಬಂದಾಗ, "ಅದ್ಯಾಕ್ ಬೇಕಿತ್ತು ಅವ್ನಿಗೆ? ಇರೋ ಊರು ಸಾಲ್ದಾ?" ಎಂದು ಮನೆಯ ಮಗನ ಬಗ್ಗೆ ಮಾತಾಡಿದಂತೆ ಬೇಜಾರು ಮಾಡಿಕೊಂಡರು. ಕೊನೆಗೆ 1275ರಲ್ಲಿ ಅವನು ಪೋಪ್ ಗುರುಗಳ ಬಳಿಗೆ ಹೋಗಿ, ಆ ಪದವಿಯ ಆಸೆ ಬಿಟ್ಟೆ ಎಂದು ಬರಿಗೈಯಲ್ಲಿ ವಾಪಸು ಹೊರಡುತ್ತಾನೆ. ಅದೇ ಬೇಸಿಗೆ ಊರಿನಲ್ಲಿ ಯುದ್ಧಕ್ಕೆ ಹೊರಟಿದ್ದ ಹಿರಿಯ ಮಗ ಫರ್ನಾಂಡೊ ಕಾಯಿಲೆ ಬಿದ್ದು ಸತ್ತಿರುತ್ತಾನೆ. ಆ ಸುದ್ದಿ ತಂದೆಗೆ ತಲುಪುವ ಕಡೆ ಪುಸ್ತಕ ನಿಂತುಹೋಗಿತ್ತು. ಮುಂದಿನ ಹಾಳೆಗಳು ಕಿತ್ತುಹೋಗಿದ್ದವು.

ಅದಾದ ಮೇಲಿನ ಒಂಬತ್ತು ವರ್ಷದಲ್ಲಿ ಏನಾಯಿತು ಎಂದು ಹುಡುಕಿಕೊಂಡು ಗಂಗಹನುಮಯ್ಯ ಬೆಂಗಳೂರಿನ ಲೈಬ್ರರಿಗಳನ್ನು ಸುತ್ತಿದರು. ಒಂದು ವಿಶ್ವಕೋಶದಲ್ಲಿ ನಾಲ್ಕು ಸಾಲು ಸಿಕ್ಕಿತು. ಎರಡನೆಯ ಮಗ ಸಾಂಚೊ ದಂಗೆ ಎದ್ದ, ನಾಡೆಲ್ಲ ಅವನ ಪರವಾಯಿತು, ದೊರೆ 1284ರಲ್ಲಿ ಸೆವಿಲ್ ನಗರದಲ್ಲಿ ತೀರಿಕೊಂಡ. ಅಷ್ಟೇ. ಆ ನಾಲ್ಕು ಸಾಲನ್ನು ಅಣ್ಣನಿಗೆ ಓದಿ ಹೇಳಿದ ದಿನ ನಾನಿದ್ದೆ.

"ತಿರುಗ್ಬಿದ್ನಾ? ಮಗ?" ಮುನಿರಾಮಯ್ಯ ಎದ್ದು ಕೂತರು. "ಯಾಕಂತೆ?"

"ಅದು ಬರ್ದಿಲ್ಲ ಅಣ್ಣ."

"ಅಂಥಾ ಅಪ್ಪನ್ ಮ್ಯಾಲೆ ಮಗ ತಿರುಗ್ಬಿದ್ರೆ, ಊರೋರೆಲ್ಲ ಮಗನ್ ಕಡೀಕೇ ಹೋದ್ರೆ, ಏನೋ ಇರ್ಬೇಕು ಕಣ್ಲಾ. ತಿಳ್ಕೊಂಡ್ ಬಾ."

ತಿಳಿದುಕೊಂಡು ಬರಲು ಗಂಗಹನುಮಯ್ಯನವರಿಗೆ ಇನ್ನೂ ಏಳು ವರ್ಷ ಹಿಡಿಯಿತು. ಸಿಕ್ಕ ವಿಳಾಸಕ್ಕೆಲ್ಲ ಕಾಗದ ಬರೆದರು. ಉತ್ತರ ಬರಲಿಲ್ಲ. ಮಿಕ್ಕ ಭಾಗವನ್ನೆಲ್ಲ ಮುಗಿಸಿ, ಆರುನೂರು ಹಾಳೆಯ ಕಟ್ಟನ್ನು ಕನ್ನಡ ತಿದ್ದಿಕೊಡಿ ಎಂದು ನನ್ನ ಕೈಗಿಟ್ಟರು. ನಾನು ಅದನ್ನು ಒಂದು ವರ್ಷ ಬೀರುವಿನ ಮೇಲೆ ಇಟ್ಟುಕೊಂಡಿದ್ದು ಆಮೇಲೆ ತಿದ್ದಿ ಕೊಟ್ಟೆ. ಅವರು ಒಮ್ಮೆಯೂ ಆತುರ ಮಾಡಲಿಲ್ಲ. ನೆನಪಿಸಿದರೆ ನನಗೆ ಮುಜುಗರವಾಗುತ್ತದೆಂದು ಆ ಮಾತೇ ಎತ್ತುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಸುತ್ತಲಿನ ನೆಲ ಬೇರೆಯಾಗುತ್ತಿತ್ತು. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ವರ್ಷ ವರ್ಷವೂ ಬೆಳೆದು ಶಾಲೆಯ ಕಾಂಪೌಂಡಿನವರೆಗೆ ಬಂತು. ರಾಗಿ ಹೊಲದಲ್ಲಿ ಮೊದಲು ಕಲ್ಲು ನೆಟ್ಟರು, ಆಮೇಲೆ ತಂತಿ ಬೇಲಿ, ಆಮೇಲೆ ತಗಡಿನ ಶೆಡ್ಡು. ಹತ್ತನೇ ಕ್ಲಾಸಿನ ಹುಡುಗರು ಪರೀಕ್ಷೆ ಬರೆದ ಮಾರನೆಯ ದಿನವೇ ಕಂಟ್ರಾಕ್ಟರನ ವ್ಯಾನು ಹತ್ತಿ ಶಿಫ್ಟಿಗೆ ಹೋಗುತ್ತಿದ್ದರು. ಪರೀಕ್ಷೆಯ ಮೊದಲೇ ಹೋದವರೂ ಇದ್ದರು. ಇದ್ದುದರಲ್ಲಿ ಅನುಕೂಲವಿದ್ದವರು ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸಿಗೆ ಹತ್ತಿಸಿದರು. ಎಂಟನೇ ಕ್ಲಾಸಿಗೆ ಒಂದು ವರ್ಷ ನಲವತ್ತು ಮಕ್ಕಳು, ಮುಂದಿನ ವರ್ಷ ಇಪ್ಪತ್ತಾರು, ಅದರ ಮುಂದಿನ ವರ್ಷ ಹನ್ನೊಂದು.

ಕ್ವಾರಿಯೂ ಬದಲಾಗಿತ್ತು. ಉಳಿ ಸುತ್ತಿಗೆ ಹೋಗಿ ಜಾಕ್‌ಹ್ಯಾಮರು ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಆಳೆತ್ತರದ ಬಂಡೆಗಳನ್ನು ಕೊರೆದು, ಲಾರಿಗೊಂದರಂತೆ ಹೇರಿ ಹಡಗಿಗೆ ಕಳಿಸುತ್ತಿದ್ದರು. ನೀರು ಹಾಕದೆ ಒಣದಾಗಿ ಕೊರೆಯುವಾಗ ಏಳುವ ಬಿಳಿ ಧೂಳಿನಲ್ಲಿ ಪಕ್ಕದವನ ಮುಖ ಕಾಣುತ್ತಿರಲಿಲ್ಲ ಎಂದು ಮುನಿರಾಮಯ್ಯನವರೇ ಹೇಳಿದ್ದರು. ಮೂಗಿಗೆ ಟವೆಲು ಕಟ್ಟಿಕೊಂಡರೆ ಮುಗಿಯಿತು, ಅದೇ ರಕ್ಷಣೆ. ಅವರ ಕೆಮ್ಮಿಗೆ ಆಸ್ಪತ್ರೆಯವರು ಮೂರು ವರ್ಷ ಟಿ.ಬಿ. ಎಂದು ಮಾತ್ರೆ ನುಂಗಿಸಿದರು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಇದು ಕಲ್ಲಿನ ಧೂಳು, ಎದೆಯೊಳಗೆ ಕೂತುಬಿಟ್ಟಿದೆ, ತೆಗೆಯುವುದಕ್ಕೆ ಬರುವುದಿಲ್ಲ, ಮಾತ್ರೆ ನಿಲ್ಲಿಸಿ ಎಂದರು.

2003ರಿಂದ ಮುನಿರಾಮಯ್ಯ ಮನೆ ಬಿಟ್ಟು ಹೊರಗೆ ಬರಲಿಲ್ಲ. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಬೆನ್ನಿಗೆ ಎರಡು ದಿಂಬು, ಒಂದು ಮೂಟೆ ಒತ್ತು ಕೊಟ್ಟು ಬಾಗಿಲ ಕಡೆ ಮುಖ ಮಾಡಿ ಕೂರಿಸುತ್ತಿದ್ದರು. ಆ ಕಡೆಯಿಂದ ಒಂದಿಷ್ಟು ಗಾಳಿ ಬರುತ್ತಿತ್ತು. ಭಾನುವಾರ ತಪ್ಪಲಿಲ್ಲ. ಹೊಸದೇನೂ ಓದಲು ಉಳಿದಿರಲಿಲ್ಲವಾದ್ದರಿಂದ ಗಂಗಹನುಮಯ್ಯ ಹಳೆಯದನ್ನೇ ಮೊದಲಿನಿಂದ ಓದುತ್ತಿದ್ದರು. ಟೊಲೆಡೊ ಬಂದಾಗ ಮುನಿರಾಮಯ್ಯ ಕೈ ಎತ್ತಿ, "ಒಂದೇ ಜಗ್ಲಿ" ಎಂದು ತಾವೇ ಹೇಳುತ್ತಿದ್ದರು. ಮುಗಿದ ಮೇಲೆ ಕೇಳುತ್ತಿದ್ದುದೂ ಅದೇ ಒಂದು ಮಾತು. "ಮಗ ಯಾಕ್ ತಿರುಗ್ಬಿದ್ದ ಅಂತ ಗೊತ್ತಾಯ್ತೇನ್ಲಾ?"

ಗಂಗಹನುಮಯ್ಯನವರ ಮಗಳು ಶಾಲಿನಿ ಆಗ ಕನಕಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. 2004ರ ನವೆಂಬರಿನಲ್ಲಿ ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಎದುರಿನ ಸೈಬರ್ ಸೆಂಟರಿಗೆ ಪರೀಕ್ಷೆಯ ಫಲಿತಾಂಶ ನೋಡಲು ಹೋದವಳು, ಮಿಕ್ಕ ಹತ್ತು ನಿಮಿಷದಲ್ಲಿ ಅಪ್ಪನ ರಾಜನ ಹೆಸರನ್ನು ಒತ್ತಿ ನೋಡಿದಳು. ಹದಿನಾರು ಹಾಳೆ ಪ್ರಿಂಟು ತೆಗೆಸಿಕೊಂಡು ನೇರ ಶಾಲೆಗೇ ಬಂದಳು. "ಅಪ್ಪಾ, ನಿಮ್ಮ ಕೊನೇ ಅಧ್ಯಾಯ!" ಎಂದು ಮೇಜಿನ ಮೇಲಿಟ್ಟಾಗ ಅವಳ ಮುಖ ನೋಡಬೇಕಿತ್ತು.

ಗಂಗಹನುಮಯ್ಯ ಕನ್ನಡಕ ಒರೆಸಿಕೊಂಡು ಓದಲು ಕೂತರು. ನಾನು ಒಂಬತ್ತನೇ ಕ್ಲಾಸಿಗೆ ಹೊರಟಾಗ ಏಳನೇ ಹಾಳೆಗೆ ಬಂದಿದ್ದರು. ಪಾಠ ಮುಗಿಸಿ ವಾಪಸು ಬಂದಾಗಲೂ ಅದೇ ಹಾಳೆ ಅವರ ಕೈಯಲ್ಲಿತ್ತು. ಶಾಲಿನಿ ಹೊರಟುಹೋಗಿದ್ದಳು.

"ಏನ್ ಸಾರ್, ಸಿಕ್ತಾ?" ಎಂದೆ.

"ತಮ್ಮನನ್ನ ಕೊಲ್ಲಿಸಿದಾನೆ ಸಾರ್" ಎಂದರು.

ಹಾಳೆಗಳನ್ನು ನಾನೂ ಓದಿದೆ. ಹಿರಿಯ ಮಗ ಸತ್ತ ಮೇಲೆ, ಪಟ್ಟ ಎರಡನೆಯ ಮಗನಿಗೋ ಸತ್ತವನ ಮಕ್ಕಳಿಗೋ ಎಂಬ ಜಗಳ ಎದ್ದಿತ್ತು. 1277ರಲ್ಲಿ ದೊರೆ ತನ್ನ ಸ್ವಂತ ತಮ್ಮ ಫಾದ್ರೀಕೆಯನ್ನು ಹಿಡಿಸಿ, ವಿಚಾರಣೆ ಇಲ್ಲದೆ ಕತ್ತು ಹಿಸುಕಿಸಿ ಕೊಲ್ಲಿಸಿದ. ಯಾಕೆಂದು ಯಾರೂ ಬರೆದಿಟ್ಟಿಲ್ಲ. ಅವನ ಬಗ್ಗೆ ದೊರೆಗೆ ಏನೋ ತಿಳಿದಿತ್ತು ಎಂದಷ್ಟೇ ಹಳೆಯ ವೃತ್ತಾಂತ ಹೇಳುತ್ತದೆ. ಅದಾಗಿ ನಾಲ್ಕು ವರ್ಷಕ್ಕೆ ಒಂದು ಶನಿವಾರ, ಯಹೂದಿಗಳ ಪ್ರಾರ್ಥನೆಯ ದಿನವೇ, ರಾಜ್ಯದಲ್ಲಿದ್ದ ಅವರನ್ನೆಲ್ಲ ಹಿಡಿಸಿ ಸೆರೆಯಲ್ಲಿಟ್ಟು, ಭಾರಿ ದಂಡ ಒಪ್ಪಿಸಿಕೊಂಡ ಮೇಲೆ ಬಿಟ್ಟ. ಮುಂದಿನ ವರ್ಷ ಮಗ ದಂಗೆ ಎದ್ದಾಗ ನಾಡು ಅವನ ಹಿಂದೆ ಹೋಯಿತು. ದೊರೆಗೆ ಉಳಿದದ್ದು ಸೆವಿಲ್ ಮತ್ತು ಬೆರಳೆಣಿಕೆಯ ಊರುಗಳು. ಮುಖ ಬಾತು, ಒಂದು ಕಣ್ಣು ಕೆಟ್ಟಿತ್ತು. ಅಲ್ಲಿಯವರೆಗೆ ಯಾರ ಮೇಲೆ ಯುದ್ಧ ಮಾಡಿದ್ದನೋ ಆ ಮೊರೊಕ್ಕೊ ಸುಲ್ತಾನನ ಹತ್ತಿರ ಕಿರೀಟವನ್ನೇ ಒತ್ತೆಯಿಟ್ಟು ಮಗನ ಮೇಲೆ ಸೈನ್ಯ ಕೇಳಿದ. ಮಗನನ್ನು ಶಪಿಸಿ ಉಯಿಲು ಬರೆಸಿದ. ಸತ್ತ. ಮಗನೇ ಪಟ್ಟಕ್ಕೆ ಬಂದ.

ಆ ವಾರ ನಾವಿಬ್ಬರೂ ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಅದನ್ನೇ ಮಾತಾಡಿದೆವು. ರಾಮನಗರದಲ್ಲಿ ಪ್ರೆಸ್ಸು ಇಟ್ಟಿದ್ದ ನನ್ನ ಪರಿಚಯದ ಮನೋಹರ್ ಪುಸ್ತಕ ಅಚ್ಚು ಹಾಕಿಕೊಡಲು ಒಪ್ಪಿದ್ದರು. ಕೊನೆಯ ಅಧ್ಯಾಯವೊಂದು ಬಂದರೆ ಸಂಕ್ರಾಂತಿಯ ಹೊತ್ತಿಗೆ ಪುಸ್ತಕ ಹೊರಬರುವುದಿತ್ತು.

"ಕೊನೇ ಅಧ್ಯಾಯದಲ್ಲಿ ಎರಡು ಪ್ಯಾರಾ ಹಾಕಿ ಸಾರ್, ಸಾಕು" ಎಂದೆ ನಾನು.

"ಕೊನೇ ಅಧ್ಯಾಯದ ಪ್ರಶ್ನೆ ಅಲ್ಲ ಸಾರ್. ಆರುನೂರು ಹಾಳೆ ಇವನು ಧರ್ಮಾತ್ಮ ಅಂತ ಬರ್ದಿದೀನಿ. ಇದು ಗೊತ್ತಾದ ಮೇಲೆ ಆ ಆರುನೂರೂ ಸುಳ್ಳೇ."

"ಅಣ್ಣನಿಗೆ ಏನು ಹೇಳ್ತೀರಿ?"

ಅವರು ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿದರು.

"ಅವರ ಸ್ಥಿತಿ ನೋಡಿದೀರಲ್ಲ. ಪಾಲಿನ ಜಗಳ, ಅದಕ್ಕೆ ಮಗ ತಿರುಗಿ ಬಿದ್ದ ಅಂದುಬಿಡಿ. ಅದೂ ನಿಜವೇ ತಾನೆ? ಮಿಕ್ಕಿದ್ದು ಬಿಟ್ಟುಬಿಡಿ."

"ನಾನು ಅಣ್ಣನಿಗೆ ಇದುವರೆಗೂ ಸುಳ್ಳು ಓದಿ ಹೇಳಿಲ್ಲ ಸಾರ್. ಅವನಿಗೆ ಓದಕ್ಕೆ ಬರಲ್ಲ. ಅಕ್ಷರ ಬಾರದೋನ ಮುಂದೆ ಹಾಳೆ ಹಿಡ್ಕೊಂಡು ಸುಳ್ಳು ಓದಿದ್ರೆ, ನಮ್ಮಪ್ಪನ ಹತ್ರ ಹೆಬ್ಬೆಟ್ಟು ಒತ್ತಿಸಿಕೊಂಡೋರಿಗೂ ನನಗೂ ಏನು ವ್ಯತ್ಯಾಸ?"

ಭಾನುವಾರ ಇಬ್ಬರೂ ಹೋದೆವು. ಬಿಸಿಲು ಚೆನ್ನಾಗಿತ್ತು. ದೊಡ್ಡಲಕ್ಷ್ಮಮ್ಮ ಗಂಡನಿಗೆ ಅಂಬಲಿ ಕುಡಿಸಿ ಬಾಯಿ ಒರೆಸುತ್ತಿದ್ದರು. ತಮ್ಮನ ಕೈಯಲ್ಲಿ ಹೊಸ ಹಾಳೆಗಳನ್ನು ಕಂಡು ಮುನಿರಾಮಯ್ಯನವರ ಕಣ್ಣು ಅರಳಿತು.

"ಸಿಕ್ತೇನ್ಲಾ?"

"ಸಿಕ್ತು ಅಣ್ಣ."

"ಯೋಳು ಮತ್ತೆ. ಮಗ ಯಾಕಂತೆ?"

ಗಂಗಹನುಮಯ್ಯ ಮೊದಲು ಪಟ್ಟದ ಜಗಳವನ್ನು ಹೇಳಿದರು. ಮುನಿರಾಮಯ್ಯ ನಕ್ಕರು. ನಕ್ಕು ಕೆಮ್ಮಿದರು. ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. "ಪಾಲು! ಅದು ಎಲ್ರ ಮನೇಲೂ ಇದ್ದದ್ದೆಯ. ನಾ ಇನ್ನೇನೋ ಅಂದ್ಕಂಡಿದ್ದೆ." ಒಂದಿಷ್ಟು ಉಸಿರು ಎಳೆದುಕೊಂಡು, "ಅಷ್ಟೆಯಾ?" ಎಂದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಗಂಗಹನುಮಯ್ಯನವರ ಮುಖವನ್ನೇ ನೋಡುತ್ತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ.

"ಅಷ್ಟೇ ಅಲ್ಲ ಅಣ್ಣ. ರಾಜಂಗೆ ಒಬ್ಬ ತಮ್ಮ ಇದ್ದ. ಫಾದ್ರೀಕೆ ಅಂತ. ಎರಡು ವರ್ಷಕ್ಕೆ ಚಿಕ್ಕೋನು."

"ಹೂಂ."

"ಅವನ್ನ ಹಿಡ್ಸಿ ಕತ್ತು ಹಿಸುಕ್ಸಿ ಸಾಯಿಸ್ಬುಟ್ಟ."

"ಯಾರು?"

"ರಾಜ."

"ನಮ್ ಅಲಪಣ್ಣನಾ?"

"ಹೂಂ ಅಣ್ಣ."

ದೊಡ್ಡಲಕ್ಷ್ಮಮ್ಮ ಒಲೆಯ ಹತ್ತಿರ ಹೋಗುತ್ತಿದ್ದವರು ಅಲ್ಲೇ ನಿಂತರು.

"ತಮ್ಮ ಏನ್ ತಪ್ಪು ಮಾಡಿದ್ನಂತೆ?"

"ಗೊತ್ತಿಲ್ಲ. ಬರ್ದಿಲ್ಲ."

"ನ್ಯಾಯ ಸೇರ್ಸಿದ್ನಾ? ಕೇಳುದ್ನಾ ಅವನ್ನ?"

"ಇಲ್ಲ."

"ಕಾನೂನು ಬರ್ಸಿದೋನೇ?"

"ಅವನೇ."

ಮುನಿರಾಮಯ್ಯ ತಮ್ಮ ಅಂಗೈಗಳನ್ನು ನೋಡಿಕೊಂಡರು. ಸುತ್ತಿಗೆಯ ಏಟು ತಪ್ಪಿ ಬಿದ್ದು ಎಡಗೈಯ ಎರಡು ಬೆರಳು ಮೊಂಡಾಗಿದ್ದವು. ಆಮೇಲೆ ತಮ್ಮಷ್ಟಕ್ಕೆ ತಾವೇ ಎಂಬಂತೆ, "ಒಂದೇ ಒಟ್ಟೇಲಿ ಉಟ್ಟಿದೋನ್ನ" ಎಂದರು.

"ಮಿಕ್ಕಿದ್ದು ಓದ್ಲಾ ಅಣ್ಣ? ಕೊನೆಗೆ ಅವನೂ ಒಂಟಿಯಾಗಿ..."

"ಬ್ಯಾಡ ಕಣ್ಲಾ. ಸಾಕು."

ಹಾಗೆಂದು ಗೋಡೆಯ ಕಡೆ ಹೊರಳಿದರು. ಬಾಗಿಲ ಕಡೆ ಮುಖ ಮಾಡಿದರೆ ಮಾತ್ರ ಅವರಿಗೆ ಉಸಿರಾಟ ಹಗುರವಾಗುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ದೊಡ್ಡಲಕ್ಷ್ಮಮ್ಮ ಬಂದು ತಿರುಗಿಸಲು ನೋಡಿದರು. ಅವರು ಒಪ್ಪಲಿಲ್ಲ.

ಅದಾಗಿ ಹದಿನಾರು ದಿನಕ್ಕೆ ಮುನಿರಾಮಯ್ಯ ತೀರಿಕೊಂಡರು. ನಡುವಿನ ಎರಡು ಭಾನುವಾರವೂ ಗಂಗಹನುಮಯ್ಯ ಚೀಲ ತೆಗೆದುಕೊಂಡೇ ಹೋಗಿದ್ದರು. ಅಣ್ಣ ಮಳೆ, ಬೆಳೆ, ಶಾಲಿನಿಯ ಓದು ಎಲ್ಲ ಕೇಳಿದರಂತೆ. ರಾಜನ ಮಾತು ಎತ್ತಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ದೊಡ್ಡಲಕ್ಷ್ಮಮ್ಮ ಮೈದುನನ ಮುಂದೆ ಕೂತು, "ಅದೇನ್ ಓದಿ ಯೋಳುದ್ಯೋ ಗಂಗಪ್ಪ, ಅವತ್ತಿಂದ ಅವ್ರ್ ಗಂಟ್ಲಲ್ಲಿ ಒಂದ್ ತುತ್ತು ಇಳೀಲಿಲ್ಲ" ಎಂದರು. ಅದು ದೂರಲ್ಲ. ಆದದ್ದನ್ನು ಆದ ಹಾಗೆ ಹೇಳಿದ್ದು. ಕಾಯಿಲೆ ಆ ಹಂತಕ್ಕೆ ಬಂದಾಗಿತ್ತು, ಹೇಗಿದ್ದರೂ ಆ ತಿಂಗಳು ದಾಟುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಅದನ್ನು ನಾನು ಗಂಗಹನುಮಯ್ಯನವರಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

"ಗೊತ್ತು ಸಾರ್" ಎನ್ನುತ್ತಿದ್ದರು. "ಆದ್ರೆ ಅವನಿಗೆ ಇನ್ನೇನಿತ್ತು ಹೇಳಿ? ಎದೆ ತುಂಬ ಕಲ್ಲು, ಮನಸ್ಸಲ್ಲಿ ಒಬ್ಬ ರಾಜ. ಕಲ್ಲು ತೆಗೆಯೋಕೆ ನನ್ನ ಕೈಲಿ ಆಗ್ಲಿಲ್ಲ. ರಾಜನ್ನ ತೆಗೆದೆ."

ಇನ್ನೊಂದು ದಿನ, ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಇದ್ದಕ್ಕಿದ್ದಂತೆ, "ಹದಿನಾರು ದಿನ ಸುಳ್ಳು ಹೇಳಬಹುದಾಗಿತ್ತು" ಎಂದರು. ಮಿಕ್ಕಿದ್ದು ಬಿಟ್ಟುಬಿಡಿ ಎಂದಿದ್ದವನೇ ನಾನು.

ಪುಸ್ತಕವನ್ನು ಅವರು ಮತ್ತೆ ಮೊದಲಿನಿಂದ ಬರೆಯಲು ಕೂತರು. ಮನೋಹರ್ ಎರಡು ಸಲ ಹೇಳಿ ಕಳಿಸಿ ಸುಮ್ಮನಾದರು. ಹೊಸದಾಗಿ ಬರೆಯುವುದೆಂದರೆ ಹಳೆಯದರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ನೋಡಬೇಕಲ್ಲ. ಅವರು ಒಂದೊಂದೇ ಹಾಳೆ ತೆಗೆದು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತ ಹೋದರು. ಟೊಲೆಡೊ ಅಧ್ಯಾಯ ಪೂರ್ತಿ ಹೋಯಿತು. "ಆ ಪಂಡಿತರು ಕೂತದ್ದು ನಿಜ ಅಲ್ವಾ ಸಾರ್, ಅದನ್ನ ಯಾಕೆ ಹೊಡೀತೀರಿ?" ಎಂದು ಕೇಳಿದೆ. "ಕೂತದ್ದು ನಿಜ. ನಾನು ಯಾಕೆ ಅಷ್ಟು ಸಂತೋಷದಿಂದ ಬರೆದೆ ಅಂತ ಈಗ ಗೊತ್ತಾಗ್ತಾ ಇಲ್ಲ" ಎಂದರು. ಒಂದೂವರೆ ವರ್ಷದಲ್ಲಿ ಆರುನೂರು ಹಾಳೆಗೂ ಗೆರೆ ಬಿತ್ತು. ಹೊಸದಾಗಿ ಬರೆದದ್ದು ಹನ್ನೊಂದು ಹಾಳೆ. ಹನ್ನೊಂದನೆಯ ಹಾಳೆಯಲ್ಲಿ ಫಾದ್ರೀಕೆಯ ಹೆಸರು, ವರ್ಷ, ಒಂದು ಅರ್ಧ ವಾಕ್ಯ. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

2006ರಲ್ಲಿ ನಮ್ಮ ಶಾಲೆ ಮುಚ್ಚಿತು. ಮೂರು ತರಗತಿ ಸೇರಿ ಹತ್ತೊಂಬತ್ತು ಮಕ್ಕಳಿದ್ದರು. ಕಟ್ಟಡವನ್ನು ಪಕ್ಕದ ಕಾರ್ಖಾನೆಯವರು ಗೋಡೌನಿಗೆ ತೆಗೆದುಕೊಂಡರು. ಹೆಚ್ಚುವರಿ ಶಿಕ್ಷಕರೆಂದು ನನ್ನನ್ನು ಮಾಗಡಿ ಕಡೆಗೆ, ಗಂಗಹನುಮಯ್ಯನವರನ್ನು ಸಾತನೂರಿನ ಆಚೆಗಿನ ಒಂದು ಶಾಲೆಗೆ ಹಾಕಿದರು. ಶಾಲಿನಿಗೆ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಅವಳು ಹೋಗಲಿಲ್ಲ. ಅಪ್ಪ ಒಬ್ಬರೇ ಆಗುತ್ತಾರೆ ಎಂದು ಹಾರೋಹಳ್ಳಿಯ ಒಂದು ಔಷಧಿ ಕಂಪನಿಯಲ್ಲಿ ಪ್ಯಾಕಿಂಗ್ ವಿಭಾಗಕ್ಕೆ ಸೇರಿದಳು. ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು. ಆ ಹದಿನಾರು ಹಾಳೆಗಳನ್ನು ತಂದುಕೊಟ್ಟದ್ದು ತಾನೇ ಎಂಬ ಮಾತು ಅವಳ ಬಾಯಿಂದ ಎಂದೂ ಬರಲಿಲ್ಲ. ಆದರೆ ಆಮೇಲೆ ಅವಳು ಆ ಸೈಬರ್ ಸೆಂಟರಿನ ಮುಂದೆ ಹಾದುಹೋಗುವಾಗ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದುದನ್ನು ನಾನೇ ನೋಡಿದ್ದೇನೆ.

2008ರ ಬೇಸಿಗೆಯಲ್ಲಿ ಕೊನೆಯ ಸಲ ಅವರ ಮನೆಗೆ ಹೋದೆ. ಸೊರಗಿದ್ದರು. ಮೇಜಿನ ಮೇಲೆ ಬರೆಯುವ ಸಾಮಾನು ಏನೂ ಇರಲಿಲ್ಲ. ಹೊಸ ಶಾಲೆಯಲ್ಲಿ ಇವರಿಗೆ ಚರಿತ್ರೆಯ ಬದಲು ಸಮಾಜ ಸೇವೆ, ದೈಹಿಕ ಶಿಕ್ಷಣ, ಬಿಸಿಯೂಟದ ಉಸ್ತುವಾರಿ ಕೊಟ್ಟಿದ್ದರು. ಅಲ್ಲಿ ಯಾರೂ ಅವರನ್ನು ಸ್ಪೇನ್ ಮೇಷ್ಟ್ರು ಎನ್ನುತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ.

"ಆ ಹನ್ನೊಂದು ಹಾಳೆಯನ್ನಾದರೂ ಕೊಡಿ ಸಾರ್" ಎಂದೆ.

"ಒಲೆಗೆ ಹಾಕಿದೆ" ಎಂದರು. ಆಮೇಲೆ, ನಾನು ನೊಂದುಕೊಂಡೆನೆಂದು ಸಮಾಧಾನ ಮಾಡುವಂತೆ, "ನಿಮ್ಮ ಕನ್ನಡ ಚೆನ್ನಾಗಿದೆ ಸಾರ್. ನೀವು ಬೇರೆ ಯಾರದಾದ್ರೂ ಚರಿತ್ರೆ ಬರೀರಿ" ಎಂದರು.

ಮುಂದಿನ ವರ್ಷ ಫೆಬ್ರವರಿಯಲ್ಲಿ, ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದಾಗ ಕುಸಿದು ಬಿದ್ದರು. ಕನಕಪುರದ ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಹೋಗಿತ್ತು.

ಮೂರನೆಯ ದಿನ ಸಾತನೂರಿನ ಆಚೆಗಿನ ಆ ಶಾಲೆಯಲ್ಲಿ ಶೋಕಸಭೆ ಇಟ್ಟಿದ್ದರು. ಮಾಗಡಿಯಿಂದ ಎರಡು ಬಸ್ಸು ಬದಲಾಯಿಸಿ ಹೋದೆ. ಶಾಲಿನಿ ಹಿಂದಿನ ಬೆಂಚಿನಲ್ಲಿ ದೊಡ್ಡಮ್ಮನ ಕೈ ಹಿಡಿದು ಕೂತಿದ್ದಳು. ಹೆಡ್‌ಮಾಸ್ಟರು ಎರಡು ಮಾತು ಆಡಿದರು. ಗಂಗಹನುಮಯ್ಯನವರು ರಜೆ ಹಾಕಿದವರಲ್ಲ, ಹಾಜರಾತಿ ಪುಸ್ತಕದಲ್ಲಿ ಒಂದು ಕೆಂಪು ಗುರುತಿಲ್ಲ ಎಂದರು. ನಂತರ ಹಳೆಯ ಸಹೋದ್ಯೋಗಿ ಎಂದು ನನ್ನನ್ನು ಕರೆದರು. ಎದ್ದು ನಿಂತೆ. ಎದುರಿಗೆ ನೆಲದ ಮೇಲೆ ಮಕ್ಕಳು ಕೂತಿದ್ದರು. ಹೊರಗೆ ಬಿಸಿಯೂಟದ ಪಾತ್ರೆಯ ಸದ್ದಾಗುತ್ತಿತ್ತು. ರಾಜನ ಹೆಸರು ಬಾಯಿಯವರೆಗೆ ಬಂತು. ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಅವರು ಎಂದೂ ಶಾಲೆಗೆ ತಡವಾಗಿ ಬಂದವರಲ್ಲ ಎಂದು ಹೇಳಿ ಕೂತುಬಿಟ್ಟೆ.